ಮೊದಲು ಪ್ರೆಸ್ ಪಕ್ಕ ಹೋಗಿ ನಿಲ್ಲು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಿನ್ನನ್ನು ತಗಡು ಒತ್ತಿ ಪಾರ್ಟ್ ಮಾಡುವ ಪ್ರೆಸ್ ಶಾಪ್‌ಗೆ ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಪ್ರೆಸ್ಸಿನ ಡೈ, ಅಂದರೆ ಆಕಾರ ಕೊಡುವ ಅಚ್ಚು, ಬದಲಾಯಿಸೋಕೆ ಜಾಸ್ತಿ ಹೊತ್ತು ಹಿಡಿಯುತ್ತಿದೆ, ಎಲ್ಲರಿಗೂ ಟಾರ್ಗೆಟ್ ಹಾಕುತ್ತೀನಿ ಅಂದೆಯಂತೆ. ಸ್ವಲ್ಪ ತಡಿ.

ಟೊಯೋಟಾದ ತೈಚಿ ಓನೊ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಸುತ್ತು ಬರೆದು, ಎಂಜಿನಿಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ನಿಂತು ನೋಡು ಅಂತ, ಅಷ್ಟೇ. ನೀನೂ ಒಂದು ಡೈ ಚೇಂಜ್ ಮೊದಲಿಂದ ಕೊನೆವರೆಗೆ ನೋಡು. ವಾಚು ನೋಡಿಕೊಂಡು ನೋಟ್‌ಬುಕ್‌ನಲ್ಲಿ ಬರೆದುಕೋ. ಪ್ರೆಸ್ ನಿಂತಿರುತ್ತದೆ, ಮುಂದಿನ ಡೈ ಇನ್ನೂ ರ‍್ಯಾಕಿನಲ್ಲೇ ಇರುತ್ತದೆ. ಫೋರ್ಕ್‌ಲಿಫ್ಟ್ ಲೋಡಿಂಗ್ ಕಡೆ ಹೋಗಿರುತ್ತದೆ. ಒಂದು ಬೋಲ್ಟಿಗೆ 24ರ ಸ್ಪ್ಯಾನರ್, ಪಕ್ಕದ್ದಕ್ಕೆ 30ರದು. ಆ 30ರದನ್ನು ಇನ್ನೊಂದು ಲೈನಿನವರು ತಗೊಂಡು ಹೋಗಿರುತ್ತಾರೆ. ಆಪರೇಟರ್ ಓಡಾಡಿಯೇ ಸುಸ್ತಾಗಿರುತ್ತಾನೆ. ಅವನಿಗೆ ಟಾರ್ಗೆಟ್ ಹಾಕಿ ಏನು ಪ್ರಯೋಜನ ಹೇಳು?

ಟೊಯೋಟಾಗೆ ಸಲಹೆ ಕೊಡುತ್ತಿದ್ದ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹಿಡಿದದ್ದು ಇದನ್ನೇ. ಮೆಷಿನ್ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಬಹುದಾದ್ದು ಯಾವುದು ಅಂತ ಬೇರೆ ಮಾಡಿದರು. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ಸಿನ ಡೈ ಬದಲಾಯಿಸಿ ಸೆಟ್ ಮಾಡೋಕೆ 4 ಗಂಟೆ ಬೇಕಿತ್ತು. ಮೊದಲು ಒಂದೂವರೆ ಗಂಟೆಗೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ನೀನು ಅರ್ಧ ಇಳಿಸಿದರೂ ನನಗೆ ಹಬ್ಬ.

ನಂಜನಗೂಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಹಳೇ ಆಪರೇಟರ್‌ಗಳು ಇರುತ್ತಾರಲ್ವಾ, ಅವರನ್ನು ಕೇಳು. "ಅಣ್ಣಾ, ನಿಮಗೆ ಇಲ್ಲಿ ಯಾವುದು ಕಷ್ಟ?" ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಮಾಡಿಸು. ಬೋಲ್ಟೆಲ್ಲ ಒಂದೇ ಸೈಜು ಮಾಡಿಸು, ಸ್ಪ್ಯಾನರ್‌ಗೆ ಪ್ರೆಸ್ ಪಕ್ಕದಲ್ಲೇ ಜಾಗ ಮಾಡಿಸು. ಸುಮ್ನೆ ಕೇಳಿ ಬಿಟ್ಟರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಯಾರ ಐಡಿಯಾನೋ ಅವರ ಹೆಸರನ್ನೇ ಮೀಟಿಂಗ್‌ನಲ್ಲಿ ಹೇಳು. ನಿನ್ನ ಹೆಸರು ಹಾಕಿಕೊಳ್ಳಬೇಡ.

ಒಂದು ವಿಷಯದಲ್ಲಿ ಮಾತ್ರ ಹಠ ಹಿಡಿ. ಬೇಗ ಆಗಲಿ ಅಂತ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಬಿಚ್ಚಿಡೋದು, ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಕಡ್ಡಿ ಸಿಕ್ಕಿಸೋದು, ಇದನ್ನು ಯಾರು ಮಾಡಿದರೂ ಪ್ರೆಸ್ ನಿಲ್ಲಿಸು. ಮೇಲಿನವರು ಕೇಳಿದರೆ ನಾನೇ ನಿಲ್ಲಿಸಿದ್ದು ಅನ್ನು. ಬೆರಳು ಹೋದರೆ ಆ ಮನೆಯ ಊಟವೇ ಹೋಗುತ್ತದೆ ಪುಟ್ಟಿ.

ಭಾನುವಾರ ಬರುವಾಗ ನೋಟ್‌ಬುಕ್ ತಾ. ಯಾವ್ಯಾವುದನ್ನು ಪ್ರೆಸ್ ನಿಲ್ಲಿಸುವ ಮೊದಲೇ ಮುಗಿಸಬಹುದು ಅಂತ ಇಬ್ಬರೂ ಕೂತು ಗುರುತು ಹಾಕೋಣ.

ಇಂತಿ,
ನಿನ್ನ ದೊಡ್ಡಪ್ಪ
ಮೈಸೂರು