ಡೆಬ್ಯುಸಿಯ ‘ಝೋ’ ಅವಸರದ ಕೃತಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ 1913ರ ಪ್ಯಾರಿಸ್ ರಂಗಭೂಮಿಯನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆ ಎಬ್ಬಿಸಿದ ಗಲಾಟೆಯ ವರ್ಣನೆ ಸೊಗಸಾಗಿದೆ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ತಂಡ, ಅದೇ ತಿಂಗಳು, ಅದೇ ವೇದಿಕೆಯಲ್ಲಿ ಪ್ರದರ್ಶಿಸಿದ, ಫ್ರೆಂಚ್ ಸಂಗೀತಕಾರ ಕ್ಲೋದ್ ಡೆಬ್ಯುಸಿಯ ‘ಝೋ’ (ಆಟಗಳು) ಬ್ಯಾಲೆಯನ್ನು ಲೇಖಕರು ಎರಡೇ ವಾಕ್ಯಗಳಲ್ಲಿ ಮುಗಿಸಿ, ಅದು ಹಣಕ್ಕಾಗಿ ಅವಸರದಲ್ಲಿ ಬರೆದದ್ದು, ‘ರೈಟ್’ನ ಅಬ್ಬರದಲ್ಲಿ ಕೊಚ್ಚಿಹೋಯಿತು ಎಂದು ತೀರ್ಪು ಕೊಟ್ಟಿದ್ದಾರೆ. ಇವೆರಡೂ ಅರ್ಧಸತ್ಯಗಳು.

ಹಣದ ವಿಷಯ ಸುಳ್ಳಲ್ಲ. 1912ರಲ್ಲಿ ‘ಬ್ಯಾಲೆ ರೂಸ್’ ತಂಡದ ಒಡೆಯ ಸೆರ್ಗೈ ದಿಯಾಗಿಲೆವ್ ಈ ಪ್ರಸ್ತಾಪವನ್ನು ಮುಂದಿಟ್ಟಾಗ ಕಥಾವಸ್ತು ಮೂರ್ಖತನದ್ದೆಂದು ಡೆಬ್ಯುಸಿ ತಂತಿಯಲ್ಲೇ ನಿರಾಕರಿಸಿದನೆಂದೂ, ಸಂಭಾವನೆಯನ್ನು ಇಮ್ಮಡಿಗೊಳಿಸಿದ ಮೇಲಷ್ಟೇ ಒಪ್ಪಿದನೆಂದೂ ಚಿತ್ರಕಾರ ಜಾಕ್-ಎಮಿಲ್ ಬ್ಲಾಂಶ್ ಬರೆದಿಟ್ಟಿದ್ದಾನೆ. ಕಥೆಯೂ ತೆಳುವಾದದ್ದೇ. ಮುಸ್ಸಂಜೆಯ ಉದ್ಯಾನವೊಂದರಲ್ಲಿ ಕಳೆದುಹೋದ ಟೆನಿಸ್ ಚೆಂಡನ್ನು ಹುಡುಕುತ್ತಾ ಒಬ್ಬ ಯುವಕ ಮತ್ತು ಇಬ್ಬರು ಯುವತಿಯರು ಬರುತ್ತಾರೆ. ಚೆಂಡನ್ನು ಮರೆತು ಪರಸ್ಪರ ಬೆನ್ನಟ್ಟುತ್ತಾರೆ, ಮುನಿಯುತ್ತಾರೆ, ಮುದ್ದಿಸುತ್ತಾರೆ. ಎಲ್ಲಿಂದಲೋ ಇನ್ನೊಂದು ಚೆಂಡು ಬಂದು ಬೀಳುತ್ತಲೇ ಬೆದರಿ ಓಡಿಹೋಗುತ್ತಾರೆ. ಆದರೆ ಕೃತಿಗೆ ಹಣ ಪಡೆದದ್ದೇ ಅದರ ಗುಣವನ್ನು ಅಳೆಯುವ ಮಾನದಂಡವಾದರೆ ದಿಯಾಗಿಲೆವ್ ಬರೆಯಿಸಿದ ಯಾವ ಸಂಗೀತವೂ ಉಳಿಯಲಾರದು, ಸ್ಟ್ರಾವಿನ್‌ಸ್ಕಿಯದೂ ಸೇರಿ.

ಇನ್ನು ಅವಸರದ ಮಾತು. 1912ರ ಆಗಸ್ಟ್‌ನಲ್ಲಿ ಹಿಡಿದ ಪಿಯಾನೊ ಕರಡು ಸೆಪ್ಟೆಂಬರ್ ಆರಂಭದ ಹೊತ್ತಿಗೆ, ಅಂದರೆ ಕೆಲವೇ ವಾರಗಳಲ್ಲಿ, ಮುಗಿದದ್ದು ನಿಜ. ಆದರೆ ಡೆಬ್ಯುಸಿಯ ಸಂಗೀತದಲ್ಲಿ ಕರಡು ಮುಗಿದರೆ ಕೆಲಸ ಮುಗಿದಂತಲ್ಲ. ದಿಯಾಗಿಲೆವ್‌ನ ಕೋರಿಕೆಯಂತೆ ಕೊನೆಯ ಭಾಗವನ್ನು ಅವನು ಮತ್ತೆ ಬರೆಯಬೇಕಾಯಿತು. ಪ್ರತಿ ಸ್ವರವನ್ನೂ ಯಾವ ವಾದ್ಯಕ್ಕೆ ಒಪ್ಪಿಸಬೇಕೆಂದು ನಿರ್ಧರಿಸುವ ವಾದ್ಯಸಂಯೋಜನೆಯಂತೂ 1913ರ ವಸಂತದವರೆಗೆ ನಡೆಯಿತು. ಕರಡಿನ ದಿನಗಳಲ್ಲೇ ಗೆಳೆಯ ಆಂದ್ರೆ ಕಾಪ್ಲೆಗೆ ಬರೆದ ಪತ್ರದಲ್ಲಿ, ಈ ಸಂಗೀತಕ್ಕೆ ‘ಕಾಲಿಲ್ಲದ’ ವಾದ್ಯವೃಂದವೊಂದು ಬೇಕು, ವಾಗ್ನರ್‌ನ ‘ಪಾರ್ಸಿಫಾಲ್’ ಒಪೆರಾದಲ್ಲಿರುವಂತೆ ಹಿಂದಿನಿಂದ ಬೆಳಕು ಬಿದ್ದ ಬಣ್ಣ ಬೇಕು ಎಂದು ಅವನು ಹೇಳಿಕೊಂಡಿದ್ದಾನೆ. ವಾಗ್ನರ್‌ನ ಪ್ರಭಾವದಿಂದ ಪಾರಾಗಲು ಜೀವನವಿಡೀ ಹೆಣಗಿದವನ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಆ ಪ್ರಯತ್ನದ ಫಲ ಮೊದಲ ಪುಟದಲ್ಲೇ ಕೇಳಿಸುತ್ತದೆ. ತಂತಿವಾದ್ಯಗಳು ಒಂದೇ ಸ್ವರವನ್ನು ಹಿಡಿದು ನಿಂತಿರುವಾಗ ಅದರ ನೆರಳಲ್ಲಿ ಊದುವಾದ್ಯಗಳು ಸ್ವರಮೇಳಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳನ್ನು) ಅತಿ ನಿಧಾನವಾಗಿ ಸರಿಸುತ್ತಾ ಹೋಗುತ್ತವೆ. ಆರು ಸ್ವರಗಳೂ ಸಮಾನ ಅಂತರದಲ್ಲಿರುವ ಶ್ರೇಣಿಯಿಂದ ಹುಟ್ಟಿದ ಈ ಸ್ವರಮೇಳಗಳಲ್ಲಿ ಮನೆಸ್ವರವೆಂಬುದೇ ಇಲ್ಲದ್ದರಿಂದ ಕಿವಿಗೆ ಊರಲು ನೆಲೆ ಸಿಗುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಚುರುಕಾದ ಮೂರರ ನಡೆ ಆರಂಭವಾಗುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ನಿಧಾನದ ಆ ಸ್ವರಮೇಳಗಳು ಮರಳುತ್ತವೆ. ಹೀಗೆ 700ಕ್ಕೂ ಹೆಚ್ಚು ಅಳತೆಗಳ (ತಾಳದ ಆವರ್ತಗಳ), ಸುಮಾರು 18 ನಿಮಿಷಗಳ ಈ ಕೃತಿಯಲ್ಲಿ ಲಯಗತಿ 60ರ ಆಸುಪಾಸು ಸಲ ಬದಲಾಗುತ್ತದೆ. ಒಂದು ಧಾಟಿ ತಲೆಯೆತ್ತಿತು ಎನ್ನುವಷ್ಟರಲ್ಲಿ ಇನ್ನೊಂದಾಗಿ ಮಾರ್ಪಟ್ಟಿರುತ್ತದೆ. ಪೂರ್ತಿ ಅರಳಲು ಬಿಡುವುದು ಕೊನೆಯ ಕಾಲುಭಾಗದ ವಾಲ್ಟ್ಜ್‌ಗೆ ಮಾತ್ರ. ಎರಡನೆಯ ಚೆಂಡು ಬಿದ್ದಾಗ ಮೊದಲ ಪುಟದ ಸ್ವರಮೇಳಗಳೇ ಮತ್ತೆ ಬರುತ್ತವೆ. ತೆಳುವಾದ ಕಥೆಗೆ ಇಷ್ಟು ಸೂಕ್ಷ್ಮವಾದ ಕಟ್ಟೋಣವನ್ನು ಕೊಟ್ಟದ್ದು ಅವಸರದ ಕೈಯಲ್ಲ.

‘ರೈಟ್’ನ ಕಾರಣದಿಂದ ಸೋತಿತೆಂಬ ವಾದಕ್ಕೆ ದಿನಾಂಕಗಳೇ ಅಡ್ಡಬರುತ್ತವೆ. ‘ಝೋ’ದ ಮೊದಲ ಪ್ರದರ್ಶನ ಆ ವಸಂತದಲ್ಲಷ್ಟೇ ಬಾಗಿಲು ತೆರೆದಿದ್ದ ಷಾಂಜ್-ಎಲಿಜೆ ರಂಗಮಂದಿರದಲ್ಲಿ, ಪಿಯೇರ್ ಮೊಂತೋನ ವಾದ್ಯವೃಂದ ನಿರ್ದೇಶನದಲ್ಲಿ, 1913ರ ಮೇ 15ರಂದು ನಡೆಯಿತು, ‘ರೈಟ್’ ಬಂದದ್ದು ಮೇ 29ರಂದು. ಇನ್ನೂ ನಡೆಯದ ಗಲಾಟೆ ಮೇ 15ರ ಪ್ರೇಕ್ಷಕರನ್ನು ನೀರಸಗೊಳಿಸಿರಲು ಸಾಧ್ಯವಿಲ್ಲ. ಆ ರಾತ್ರಿಯ ತಣ್ಣನೆಯ ಸ್ವಾಗತಕ್ಕೆ ಮುಖ್ಯ ಕಾರಣ ರಂಗದ ಮೇಲಿತ್ತು ಎಂಬುದು ನನ್ನ ಅಭಿಪ್ರಾಯ. ತಮಾರಾ ಕರ್ಸಾವಿನಾ ಮತ್ತು ಲುದ್ಮಿಲಾ ಶೋಲರ್ ಜೊತೆ ತಾನೂ ಕುಣಿದ ನೃತ್ಯಸಂಯೋಜಕ ವಾಸ್ಲಾವ್ ನಿಜಿನ್‌ಸ್ಕಿ, ಜಾಕ್-ದಾಲ್‌ಕ್ರೋಜ್‌ನ ಲಯಶಿಕ್ಷಣ ಪದ್ಧತಿಯಿಂದ ಪ್ರೇರಿತನಾಗಿ, ನಿಂತಲ್ಲಿ ನಿಲ್ಲದ ಈ ಸಂಗೀತದ ಮೇಲೆ ಬಿಗಿಯಾದ, ಕೋನಕೋನವಾದ ಚಲನೆಗಳನ್ನು ಹೇರಿದ. ಅವನು ಪುಟ್ಟ ಸ್ವರಗಳನ್ನು ಕಾಲಿನಲ್ಲಿ ಕೂಡಿಸಿ, ಬಂದ ಲೆಕ್ಕವನ್ನು ತೋಳಿನಲ್ಲಿ ತಾಳೆ ನೋಡುತ್ತಾನೆ ಎಂದು ಡೆಬ್ಯುಸಿ ಮುಂದಿನ ತಿಂಗಳು ಗೆಳೆಯ ರೊಬೇರ್ ಗೊದೆಗೆ ಬರೆದ. (ಕುಹಕದಲ್ಲಿ ಅವನನ್ನು ಮೀರಿಸುವವರು ಆ ಕಾಲದ ಪ್ಯಾರಿಸ್‌ನಲ್ಲೂ ಕಡಿಮೆ.) ಎರಡು ವಾರಗಳ ನಂತರದ ಅಬ್ಬರ, ಆಗಲೇ ಮಂಕಾಗಿದ್ದ ಈ ಕೃತಿಯನ್ನು ಮರೆಸಿತು ಎಂದರೆ ಒಪ್ಪಬಹುದು.

ಆ ಮರೆವೂ ಶಾಶ್ವತವಾಗಿರಲಿಲ್ಲ. 1914ರ ಮಾರ್ಚ್‌ನಲ್ಲೇ ಗಾಬ್ರಿಯೆಲ್ ಪಿಯೆರ್ನೆ ಇದನ್ನು ನೃತ್ಯವಿಲ್ಲದೆ ಕಛೇರಿಯಲ್ಲಿ ನುಡಿಸಿದ. ಎರಡನೆಯ ಮಹಾಯುದ್ಧದ ನಂತರವಂತೂ ಪಿಯೇರ್ ಬುಲೇಜ್ ಮತ್ತು ಅವನ ಪೀಳಿಗೆಯ ಸಂಗೀತಕಾರರು, ಧಾಟಿಯನ್ನು ಬೆಳೆಸುವ ಹಳೆಯ ಕ್ರಮವನ್ನು ಬಿಟ್ಟು ನಾದದ ಬಣ್ಣದಿಂದಲೇ ಕೃತಿಯನ್ನು ಕಟ್ಟುವುದು ಹೇಗೆಂದು ತಿಳಿಯಲು ಇದನ್ನೇ ಅಭ್ಯಾಸ ಮಾಡಿದರು. ಡೆಬ್ಯುಸಿ ತಾನೇ ವಾದ್ಯವೃಂದಕ್ಕೆ ಬರೆದು ಮುಗಿಸಿದ ಕಟ್ಟಕಡೆಯ ದೊಡ್ಡ ಕೃತಿ ಇದೆಂಬುದನ್ನಾದರೂ ಲೇಖನ ತಿಳಿಸಬೇಕಿತ್ತು.

ಮಾಲೆಯ ಮುಂದಿನ ಕಂತು ಎರಿಕ್ ಸಾತಿಯ ‘ಪರಾದ್’ ಕುರಿತದ್ದೆಂದು ಲೇಖನದ ಕೊನೆಯಲ್ಲಿ ಸೂಚಿಸಲಾಗಿದೆ. 1917ಕ್ಕೆ ಜಿಗಿಯುವ ಮುನ್ನ ‘ಝೋ’ಕ್ಕೆ ಅರ್ಧ ಪುಟವನ್ನಾದರೂ ಮೀಸಲಿಡಬೇಕೆಂದೂ, ಸಾಧ್ಯವಾಗದಿದ್ದರೆ ಎರಡು ಪ್ರದರ್ಶನಗಳ ದಿನಾಂಕಗಳನ್ನು ತಿದ್ದುಪಡಿಯಾಗಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಇಂತಿ,
ಒಬ್ಬ ಓದುಗ