ಮೇಜು ಬಿದ್ದಳು ಅನ್ನಬೇಕಾ?

"ಫ್ರೆಂಚಿನಲ್ಲಿ ಮೇಜು ಹೆಣ್ಣಂತೆ. ಹಾಗಾದ್ರೆ ಮೇಜು ಬಿದ್ದಳು ಅನ್ನಬೇಕಾ ಆಂಟಿ?" ಕಳೆದ ಶನಿವಾರ ಕನ್ನಡ ತರಗತಿ ಮುಗಿದು ಕುರ್ಚಿ ಎತ್ತಿಡುವಾಗ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದಳು. ಅದೇ ಹೊತ್ತಿಗೆ ಬಾಗಿಲ ಬಳಿ ಇಬ್ಬರು ಪೋಷಕರು, "ಶಾಲೇಲಿ ಫ್ರೆಂಚ್ ಶುರುವಾಗಿದೆ, ಮಗುವಿಗೆ ಗೊಂದಲ ಆಗುತ್ತೆ, ಈ ವರ್ಷ ಕನ್ನಡ ಬಿಡಿಸೋಣ ಅಂತಿದ್ದೀವಿ" ಎಂದರು. ಈ ಪುಟ ಇಂದು ರಾತ್ರಿಯೇ ಅಚ್ಚಿಗೆ ಹೋಗಬೇಕು. ಯೋಚಿಸಿಟ್ಟಿದ್ದ ವಿಷಯವನ್ನು ಬದಿಗಿಟ್ಟು ಈ ಎರಡು ಮಾತಿಗೇ ಉತ್ತರ ಬರೆಯುತ್ತಿದ್ದೇವೆ.

ದಯವಿಟ್ಟು ಕನ್ನಡ ಬಿಡಿಸಬೇಡಿ. ಆ ಹುಡುಗಿಗೆ ಪ್ರಶ್ನೆ ಹುಟ್ಟಿದ್ದೇ ಕನ್ನಡದಿಂದ. ಬಿದ್ದನು, ಬಿದ್ದಳು, ಬಿತ್ತು ಎಂದು ಕ್ರಿಯಾಪದ ಲಿಂಗ ನೋಡಿ ಬದಲಾಗುತ್ತದೆಂದು ಅವಳ ನಾಲಿಗೆಗೆ ಗೊತ್ತು. ಅವಳ ಊಹೆಯೂ ಸರಿ: ಬಿದ್ದ ಮೇಜಿಗೆ ಫ್ರೆಂಚಿನ ಸರ್ವನಾಮ 'ಎಲ್', ಅಂದರೆ ಅವಳು. ಬರೆಯುವಾಗ 'ಬಿದ್ದ' ಎಂಬ ರೂಪದ ಕೊನೆಗೆ ಇನ್ನೊಂದು 'e' ಅಕ್ಷರವೂ ಸೇರುತ್ತದೆ, ಆದರೆ ಕಿವಿಗೆ ಕೇಳಿಸುವುದಿಲ್ಲ.

ಮಗುವಿಗೆ ಹೇಳಬೇಕಾದ ವ್ಯತ್ಯಾಸ ಒಂದೇ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಫ್ರೆಂಚಿನಲ್ಲಿ ಅದು ವಸ್ತುವಿಗೆ ಸೇರಿದ್ದಲ್ಲ, ಪದಕ್ಕೆ ಸೇರಿದ್ದು. ಸೈಕಲ್ ತೋರಿಸಿ ಹೇಳಿ: ಅದೇ ಸೈಕಲ್ಲು 'ವೆಲೊ' ಎಂದರೆ ಪುಲ್ಲಿಂಗ, 'ಬಿಸಿಕ್ಲೆತ್' ಎಂದರೆ ಸ್ತ್ರೀಲಿಂಗ. ಇದನ್ನು ಕೇಳಿದ ಮೇಲೆ ಆ ಹುಡುಗಿ ಮೇಜಿನ ಕಾಲು ನೋಡಿ ಲಿಂಗ ಹುಡುಕುವುದನ್ನು ಬಿಟ್ಟಳು.

ಹಾಗಾಗಿ ಪದವನ್ನು ಒಂಟಿಯಾಗಿ ಕಲಿಸಲೇಬೇಡಿ. ದಪ್ಪ ಕಾಗದದಲ್ಲಿ ಹನ್ನೆರಡು ಕಾರ್ಡು ಕತ್ತರಿಸಿ. ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಪದ. ಪುಲ್ಲಿಂಗಕ್ಕೆ ನೀಲಿ ಶಾಯಿ, ಸ್ತ್ರೀಲಿಂಗಕ್ಕೆ ಕೆಂಪು. ಪದಕ್ಕೆ ಮೊದಲು 'ಲ', 'ಲಾ' (ಇಂಗ್ಲಿಷಿನ 'ದ' ಇದ್ದಂತೆ) ಬೇಡ, 'ಅಂ', 'ಯೂನ್' ('ಒಂದು' ಎಂಬರ್ಥ) ಬರೆಯಿರಿ; ಎರಡು ಜೋಡಿಯಲ್ಲೂ ಮೊದಲನೆಯದು ಪುಲ್ಲಿಂಗಕ್ಕೆ, ಎರಡನೆಯದು ಸ್ತ್ರೀಲಿಂಗಕ್ಕೆ. ಸ್ವರದಿಂದ ಶುರುವಾಗುವ ಪದದ ಮುಂದೆ 'ಲ', 'ಲಾ' ಎರಡೂ ಕುಗ್ಗಿ ಬರೀ 'ಲ್' ಆಗುತ್ತವೆ. 'ಲೆಕೊಲ್' ಎಂದು ಕಲಿತ ಮಗುವಿಗೆ ಶಾಲೆ ಯಾವ ಲಿಂಗವೆಂದು ತಿಳಿಯುವುದೇ ಇಲ್ಲ. 'ಯೂನ್ ಎಕೊಲ್' ಎಂದರೆ ತಿಳಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ, ಹೊಸ ಪದ ಮೂರೋ ನಾಲ್ಕೋ ಸಾಕು. ಅವು ಮರುದಿನ, ಮೂರನೇ ದಿನ, ಒಂದು ವಾರದ ನಂತರ ಮತ್ತೆ ಕೈಗೆ ಬರಬೇಕು. ಭಾನುವಾರ ಒಟ್ಟಿಗೇ ಎರಡು ಗಂಟೆ ಕೂರಿಸಿದರೆ ಬುಧವಾರಕ್ಕೆ ಬಹುಪಾಲು ಮರೆತಿರುತ್ತದೆ.

ಇಲ್ಲಿ ಫ್ರೆಂಚನ್ನು ಕನ್ನಡ ಲಿಪಿಯಲ್ಲಿ ಬರೆದಿರುವುದು ಅಪ್ಪ ಅಮ್ಮಂದಿರಿಗಾಗಿ. ಮಕ್ಕಳ ಪುಸ್ತಕದಲ್ಲಿ ಹೀಗೆ ಬರೆಸಬೇಡಿ, ಏಕೆಂದರೆ 'ಯೂ' ಎಂದು ಬರೆದ ಸ್ವರ ನಿಜವಾಗಿ ನಮ್ಮ ಲಿಪಿಯಲ್ಲಿಲ್ಲ. ಕನ್ನಡಿಯ ಮುಂದೆ 'ಈ' ಎಂದು ಎಳೆಯಲಿ. ನಾಲಿಗೆ ಕದಲಿಸದೆ ತುಟಿಯನ್ನಷ್ಟೇ 'ಊ'ಗೆ ಮಾಡಿದಂತೆ ಗುಂಡಗೆ ಮಾಡಲಿ. ಆಗ ಬರುವ ಸದ್ದೇ ಅದು. ತುಟಿಯ ಜೊತೆ ನಾಲಿಗೆಯೂ ಹಿಂದಕ್ಕೆ ಜಾರಿದರೆ 'ಊ' ಆಗಿಬಿಡುತ್ತದೆ, 'ತ್ಯೂ' (ನೀನು) ಅನ್ನಲು ಹೋಗಿ 'ತೂ' (ಎಲ್ಲ) ಅಂದಂತಾಗುತ್ತದೆ. ಮೂಗಿನ ಸ್ವರಗಳಲ್ಲೂ ಅಷ್ಟೇ: ಕೊನೆಯಲ್ಲಿ ನಾಲಿಗೆ ಹಲ್ಲಿಗೆ ತಾಗಿದರೆ ಅದು ನಮ್ಮ 'ನ್', ಅವರ ಸ್ವರವಲ್ಲ.

ಕನ್ನಡ ಕೈಹಿಡಿಯುವ ಜಾಗಗಳು ಇನ್ನೂ ಇವೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗು 'ನಾನು ಎಂಟು' ಎಂಬರ್ಥ ಬರುವಂತೆ ಹೇಳಿ ತಪ್ಪುತ್ತದೆ. 'ನನಗೆ ಎಂಟು ವರ್ಷ' ಎನ್ನುವ ಮಗುವಿಗೆ, ಫ್ರೆಂಚಿನಲ್ಲಿ ವಯಸ್ಸು 'ಇರುವುದು', ಹಸಿವೂ ಚಳಿಯೂ 'ಇರುವುದು' ಎಂದರೆ ಸಾಕು. ನೀನು, ನೀವು ಗೊತ್ತಿದ್ದವರಿಗೆ 'ತ್ಯೂ', 'ವೂ' ಹೊಸತಲ್ಲ. ಮನೆ + ಅನ್ನು ಮನೆಯನ್ನು ಆಗುವುದನ್ನು ಕಂಡ ಮಗು ಬಹುವಚನದ 'ಲೆ' ಮತ್ತು 'ಆಮಿ' (ಗೆಳೆಯರು) ಸೇರಿ 'ಲೆಜ಼ಾಮಿ' ಆಗುವುದಕ್ಕೆ ಬೆಚ್ಚುವುದಿಲ್ಲ. ನಾವು ಹೊಸ 'ಯ' ತರುತ್ತೇವೆ. ಅವರು ಬರೆದೂ ಉಚ್ಚರಿಸದೆ ಬಿಟ್ಟ ಅಕ್ಷರವನ್ನು ಎಬ್ಬಿಸುತ್ತಾರೆ.

ಅಂಕಿಯಲ್ಲಿ ಮಾತ್ರ ಕನ್ನಡ ಉಪಯೋಗಕ್ಕೆ ಬಾರದು. 72 ಎಂದರೆ ಅರವತ್ತು-ಹನ್ನೆರಡು, 80 ಎಂದರೆ ನಾಲ್ಕು-ಇಪ್ಪತ್ತು, 99 ಎಂದರೆ ನಾಲ್ಕು-ಇಪ್ಪತ್ತು-ಹತ್ತೊಂಬತ್ತು. 'ಅರವತ್ತು' ಕೇಳಿದೊಡನೆ ಮಗು 6 ಬರೆದುಬಿಡುತ್ತದೆ. ಪೂರ್ತಿ ಸಂಖ್ಯೆ ಕೇಳುವವರೆಗೆ ಪೆನ್ಸಿಲ್ ಕೆಳಗಿಡಿಸಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ 70, 90ಕ್ಕೆ ಬೇರೆ ಸುಲಭ ಪದಗಳಿವೆ. ಶಾಲೆಯ ಪುಸ್ತಕ ಯಾವುದನ್ನು ಬಳಸುತ್ತದೋ ನೋಡಿಕೊಳ್ಳಿ.

ಜರ್ಮನ್ ಕಲಿಯುವವರಿಗೂ ಕಾರ್ಡಿನ ಉಪಾಯವೇ, ಶಾಯಿ ಮಾತ್ರ ಮೂರು ಲಿಂಗಕ್ಕೆ ಮೂರು ಬಣ್ಣ. ಜಪಾನಿ ಆಯ್ದುಕೊಂಡ ಮಕ್ಕಳಿಗೆ ಕನ್ನಡವೇ ಏಣಿ: ಕ್ರಿಯಾಪದ ವಾಕ್ಯದ ಕೊನೆಗೆ, 'ಗೆ', 'ಅಲ್ಲಿ' ಎಂಬಂಥವು ನಾಮಪದದ ನಂತರ.

ಮಕ್ಕಳ ಫ್ರೆಂಚ್ ಪರೀಕ್ಷೆಯಾದ ಡೆಲ್ಫ್ ಪ್ರಿಮ್‌ಗೆ ಕೂರಿಸುವವರು ಗಮನಿಸಿ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ, ಒಟ್ಟು 100. ಪಾಸಾಗಲು 50 ಬೇಕು, ಆದರೆ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೂ ಆಗದು. ಬರೀ ವ್ಯಾಕರಣದ ಹಾಳೆ ತುಂಬಿಸಿದ ಮಕ್ಕಳು ಮಾತಿನ ಭಾಗದಲ್ಲಿ ತಡವರಿಸುತ್ತಾರೆ.

ಜಾಗ ಮುಗಿಯುತ್ತಿದೆ, ಸೂಚನೆಗಳು: ಮುಂದಿನ ಶನಿವಾರದ ಕನ್ನಡ ತರಗತಿ ಅರ್ಧ ಗಂಟೆ ಮೊದಲೇ ಶುರು. ಗ್ರಂಥಾಲಯದ ಪುಸ್ತಕ ಹಿಂದಿರುಗಿಸಿ. ಮಕ್ಕಳ ಪುಟಕ್ಕೆ ಚಿತ್ರ ತಿಂಗಳ ಕೊನೆಯೊಳಗೆ ಬರಲಿ. ತರಗತಿಯ ನಂತರ ಅರ್ಧ ಗಂಟೆ ಕಾರ್ಡು ಆಡಿಸಬೇಕೆಂದಿದ್ದೇವೆ. ಫ್ರೆಂಚ್ ಅಥವಾ ಜರ್ಮನ್ ಉಚ್ಚಾರ ಚೆನ್ನಾಗಿ ಗೊತ್ತಿರುವವರು ಹದಿನೈದು ದಿನಕ್ಕೊಮ್ಮೆ ಬಂದರೂ ಸಾಕು. ಪತ್ರಿಕೆಯ ಕರಡು ತಿದ್ದಲು ಇನ್ನೊಬ್ಬರು ಬೇಕೇಬೇಕು, ಮೂರು ಸಂಚಿಕೆಯಿಂದ ಒಬ್ಬರೇ ನೋಡುತ್ತಿದ್ದೇವೆ. ಮನೆಯಲ್ಲಿ ದಪ್ಪ ಕಾಗದ, ಕೆಂಪು-ನೀಲಿ ಪೆನ್ನು ಉಳಿದಿದ್ದರೆ ಶನಿವಾರ ಬರುವಾಗ ತನ್ನಿ.