ಮೊದಲ ದಿನ ಮ್ಯೂಸಿಯಂಗೆ ಇರಲಿ

ರಜೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘದ ಎಷ್ಟೋ ಮನೆಗಳಲ್ಲಿ ಹವಾಯಿಯ ಮಾತು ಶುರುವಾಗುತ್ತದೆ. ಯಾವ ದ್ವೀಪ, ಯಾವ ಹೋಟೆಲ್, ಯಾವ ಬೀಚ್ ಎಂಬುದೇ ಹೆಚ್ಚಿನ ಚರ್ಚೆ. ಹೊರಟವರಲ್ಲಿ ನನ್ನದೊಂದು ಕೋರಿಕೆ: ಹೊನೊಲುಲುವಿನಲ್ಲಿ ಇಳಿದ ಮೇಲೆ ಮೊದಲ ದಿನವನ್ನು ಬಿಷಪ್ ಮ್ಯೂಸಿಯಂಗೆ ಕೊಡಿ. ಅಲ್ಲಿ ಕಂಡದ್ದು ಆಮೇಲೆ ನೀವು ನೋಡುವ ಕಾಡು, ಗದ್ದೆ, ಜ್ವಾಲಾಮುಖಿಗಳ ಜೊತೆಗೆಲ್ಲ ಬರುತ್ತದೆ.

ಹವಾಯಿಯನ್ನು ಆಳಿದ ಕಮೆಹಮೆಹ ರಾಜಮನೆತನದ ಕೊನೆಯ ಕುಡಿಗಳಲ್ಲಿ ಒಬ್ಬಳಾದ ರಾಜಕುಮಾರಿ ಪೌವಾಹಿಯ ನೆನಪಿಗೆ ಆಕೆಯ ಪತಿ ಚಾರ್ಲ್ಸ್ ರೀಡ್ ಬಿಷಪ್ 1889ರಲ್ಲಿ ಸ್ಥಾಪಿಸಿದ ಮ್ಯೂಸಿಯಂ ಇದು. ಹವಾಯಿಯನ್ ಹಾಲ್‌ನಲ್ಲಿ ಮೂರು ಅಂತಸ್ತು. ನಡುವೆ ಮೇಲಿನಿಂದ ತೂಗುವ ದೊಡ್ಡ ತಿಮಿಂಗಿಲಕ್ಕೆ ಒಂದು ಮಗ್ಗುಲಲ್ಲಿ ಬರಿ ಮೂಳೆ, ಇನ್ನೊಂದು ಮಗ್ಗುಲಲ್ಲಿ ಕಾಗದದ ಮೈ. ಸಂಗ್ರಹದಲ್ಲಿರುವ ಒಂದನೇ ಕಮೆಹಮೆಹನ ಹಳದಿ ಗರಿಯ ನಿಲುವಂಗಿಗೆ ಸುಮಾರು 4,50,000 ಗರಿ ಬೇಕಾಗಿತ್ತೆಂದು ಅಂದಾಜು. ಗರಿ ಕೊಟ್ಟ ಮಾಮೊ ಎಂಬ ಕಪ್ಪು ಹಕ್ಕಿಯ ಮೈಮೇಲೆ ಹಳದಿ ಇದ್ದದ್ದೇ ಕೆಲವೆಡೆ. ಇಂದು ಆ ಹಕ್ಕಿಯ ಸಂತತಿಯೇ ಇಲ್ಲ.

ಪಾಲಿನೇಷಿಯನ್ನರು ನಕ್ಷತ್ರ, ಅಲೆ, ಗಾಳಿಗಳ ಜಾಡು ಹಿಡಿದು ಜೋಡಿ ದೋಣಿಗಳಲ್ಲಿ ಬಂದಾಗ ಹೊತ್ತು ತಂದ ಗಿಡಗಳನ್ನು ನೋಡಿ: ಕೆಸು, ಜೀಗುಜ್ಜೆ, ಅರಿಸಿನ, ಬಾಳೆ, ಕಬ್ಬು. ಮಲೆನಾಡು, ಕರಾವಳಿಯ ನಮ್ಮವರಿಗೆ ಒಂದೊಂದೂ ಹಿತ್ತಲಿನ ಪರಿಚಯ. ಹವಾಯಿಯವರಿಗೆ ಕೆಸು ಮನೆಯ ಹಿರಿಯಣ್ಣ. ಹುಟ್ಟುವಾಗಲೇ ತೀರಿಹೋದ ಮೊದಲ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು, ಅದೇ ಹೆಸರು ಹೊತ್ತು ಹುಟ್ಟಿದ ಎರಡನೆಯ ಮಗು ಹಾಲೋವನೇ ತಮ್ಮ ಮೂಲಪುರುಷ ಎಂಬುದು ಅವರ ಕಥೆ. ಮೀನು, ಮಾಂಸವನ್ನು ಕೆಸುವಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಲಾವ್‌ಲಾವ್ ಅಲ್ಲಿಯ ಸಾಂಪ್ರದಾಯಿಕ ಅಡುಗೆ. ಪತ್ರೊಡೆ ತಿಂದು ಬೆಳೆದವರಿಗೆ ಆ ಎಲೆಯ ರುಚಿ ಹೇಳಿಕೊಡಬೇಕಿಲ್ಲ.

ಸುದ್ದಿಪತ್ರ ಹೊರಡಿಸುವ ನಮಗೆ ಬಹಳ ಹತ್ತಿರದ ಸಂಗತಿಯೊಂದಿದೆ. 1834ರಿಂದ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹವಾಯಿಯನ್ ಭಾಷೆಯಲ್ಲಿ ಪತ್ರಿಕೆಗಳು ಬಂದವು. ಪುರಾಣ, ಮೀನುಗಾರಿಕೆ, ವಂಶಾವಳಿ, ಶೋಕಗೀತೆ ಎಲ್ಲವನ್ನೂ ಜನ ಅವುಗಳಿಗೆ ಬರೆದು ಕಳಿಸಿದರು. 1896ರಲ್ಲಿ ಇಂಗ್ಲಿಷೇ ಶಾಲೆಯ ಮಾಧ್ಯಮ ಎಂದು ಕಾನೂನಾಯಿತು. ಕೆಲವೇ ತಲೆಮಾರುಗಳಲ್ಲಿ ಮಕ್ಕಳ ಬಾಯಿಂದ ಭಾಷೆ ಹೋಯಿತು. ಅದನ್ನು ಮರಳಿ ತರಲು ಹೊರಟವರು ತಂದೆತಾಯಿಗಳು ಮತ್ತು ಶಿಕ್ಷಕರು. 1984ರಲ್ಲಿ ಹವಾಯಿಯನ್ ಭಾಷೆಯಲ್ಲೇ ನಡೆಯುವ ಪೂನಾನ ಲೆಯೊ ಶಿಶುವಿಹಾರಗಳು ಆರಂಭವಾದವು. 2011ರಲ್ಲಿ ಸಾವಿರಾರು ಸ್ವಯಂಸೇವಕರು ಹಳೆಯ ಪತ್ರಿಕೆಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಕೊಡಲು ಕೂತರು. ನಮ್ಮ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕರೆತರಲು ಬೇಸರಪಡುವ ಪೋಷಕರು ಇದನ್ನು ತಿಳಿದಿರಬೇಕು. ನಮ್ಮ ಬೆನ್ನಿಗೆ ಕರ್ನಾಟಕವಿದೆ, ಅವರಿಗೆ ಭಾಷೆ ಉಳಿಸಿಕೊಳ್ಳಲು ಬೇರೆ ನಾಡಿಲ್ಲ.

ಇಯೊಲಾನಿ ಅರಮನೆಯನ್ನು ತಪ್ಪಿಸಬೇಡಿ. 1882ರಲ್ಲಿ ರಾಜ ಕಲಾಕೌವಾ ಕಟ್ಟಿ ಮುಗಿಸಿದ ಈ ಮನೆಗೆ ಶ್ವೇತಭವನಕ್ಕಿಂತ ಮೊದಲೇ ವಿದ್ಯುತ್ ದೀಪ ಬಂದಿತ್ತು. ನಿಷೇಧ, ನಿಂದೆಗಳಿಂದ ಮೂಲೆಗೆ ಸೇರಿದ್ದ ಹುಲಾ ನೃತ್ಯವನ್ನು ಆತ ಮತ್ತೆ ರಾಜಾಂಗಣಕ್ಕೆ ತಂದ. 1881ರ ವಿಶ್ವ ಪರ್ಯಟನೆಯಲ್ಲಿ ಭಾರತಕ್ಕೂ ಬಂದಿದ್ದ. ಆತನ ನಂತರ ರಾಣಿಯಾದ ತಂಗಿ ಲಿಲಿಉವೊಕಲಾನಿಯನ್ನು 1893ರಲ್ಲಿ ಸಿಂಹಾಸನದಿಂದ ಇಳಿಸಿದರು. 1895ರಲ್ಲಿ ಇದೇ ಅರಮನೆಯ ಮೇಲಿನ ಕೋಣೆಯೊಂದರಲ್ಲಿ ಸುಮಾರು ಎಂಟು ತಿಂಗಳು ಕೂಡಿಹಾಕಿದರು. ಆ ದಿನಗಳಲ್ಲಿ ರಾಣಿ ಹೊಲಿಯಲು ಶುರುಮಾಡಿದ ರೇಷ್ಮೆ ತುಂಡುಗಳ ಕೌದಿ ಅಲ್ಲಿದೆ. ನಡುವೆ ಹವಾಯಿಯ ಬಾವುಟಗಳು, ಸೆರೆಯ ದಿನಾಂಕಗಳು, ಎಲ್ಲವೂ ದಾರದಲ್ಲಿ. ಆ ಕೌದಿಯ ಮುಂದೆ ಮಕ್ಕಳನ್ನು ಅವಸರಪಡಿಸಬೇಡಿ.

‘ಬಿಗ್ ಐಲೆಂಡ್’ ಎಂದು ಕರೆಯುವ ದೊಡ್ಡ ದ್ವೀಪದ ಜ್ವಾಲಾಮುಖಿ ಉದ್ಯಾನಕ್ಕೆ ಹೋದರೆ ಕಪ್ಪು ಲಾವಾದ ಬಿರುಕಿನಲ್ಲಿ ಮೊದಲು ಬೇರುಬಿಡುವ ಓಹಿಯಾ ಮರವನ್ನು, ಅದರ ಕೆಂಪು ಹೂವನ್ನು ಗುರುತಿಸಿ. ಶಿಲೀಂಧ್ರ ರೋಗವೊಂದು ಈ ಮರಗಳನ್ನು ಲಕ್ಷಗಟ್ಟಲೆ ಕೊಲ್ಲುತ್ತಿದೆ, ಬೂಟಿನ ಮಣ್ಣಿನಲ್ಲೂ ಹರಡುತ್ತದೆ. ಕಾಲುದಾರಿಯ ಬಾಯಲ್ಲಿ ಇಟ್ಟಿರುವ ಬ್ರಷ್‌ನಿಂದ ಅಟ್ಟೆ ಉಜ್ಜಿಯೇ ಒಳಗೆ ಹೋಗಿ. ಕೌವಾಯಿ ದ್ವೀಪಕ್ಕೆ ಹೋಗುವವರಿಗೆ ಇರೈವನ್ ಶಿವಾಲಯವಿದೆ. ಅದರ ಗ್ರಾನೈಟ್ ಕಲ್ಲುಗಳನ್ನು ಕೈಯಿಂದಲೇ ಕೆತ್ತಿದ್ದು ನಮ್ಮ ಬೆಂಗಳೂರಿನ ಹತ್ತಿರ, ಅಲ್ಲಿಂದ ಹಡಗಿನಲ್ಲಿ ಸಾಗಿಸಿದ್ದು.

ಮುಂದಿನ ಸಂಚಿಕೆಯ ಮಕ್ಕಳ ಪುಟವನ್ನು ಹವಾಯಿಗೆ ಮೀಸಲಿಟ್ಟಿದ್ದೇವೆ. ಹೋಗಿಬಂದ ಮಕ್ಕಳು ಕಂಡ ಒಂದು ಗಿಡ, ಒಂದು ಹಕ್ಕಿ ಅಥವಾ ಮ್ಯೂಸಿಯಂನ ಒಂದು ವಸ್ತುವಿನ ಬಗ್ಗೆ ತಾವೇ ಕನ್ನಡದಲ್ಲಿ ಬರೆದು ಕಳಿಸಲಿ. ಕಾಗುಣಿತ ತಪ್ಪಿದ್ದರೂ ಸರಿ, ಅಪ್ಪ ಅಮ್ಮ ತಿದ್ದುವುದು ಬೇಡ.